ದಾರಿ ಹೇಳುವ ಧರ್ಮ

ಕನ್ನಡದಲ್ಲಿ ‘ದಿಕ್ಕು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮೂಡಣ, ಪಡುವಣ, ತೆಂಕಣ, ಬಡಗಣ ಎಂಬಿವು ದಿಕ್ಕುಗಳು. ಆಸರೆಗೂ ನಾವು ದಿಕ್ಕು ಎಂದೇ ಹೇಳುತ್ತೇವೆ. ‘ಆ ಮುದುಕಿಗೆ ದಿಕ್ಕು ಯಾರು?’ ಎಂದು ಕೇಳುವಾಗ ನಮ್ಮ ಮನಸ್ಸಿನಲ್ಲಿ ಪೂರ್ವ ಪಶ್ಚಿಮಗಳ ವಿಚಾರವಿರುವುದಿಲ್ಲ. ‘ದಿಕ್ಕಿಲ್ಲದವರು’ ಎಂದರೆ ಅನಾಥರು. ‘ನೀವೇ ನಮಗೆ ದಿಕ್ಕು’ ಎಂದರೆ ನೀವೇ ಕಾಪಾಡಬೇಕು ಎಂದರ್ಥ. ದಾರಿ ತಿಳಿಯದೆ ಹಾದಿಯ ನಡುವೆ ನಿಂತವನಿಗೆ ಈ ಎರಡು ಅರ್ಥಗಳು ಒಂದೇ ಆಗಿ ಕಾಣುತ್ತವೆ. ಆತನಿಗೆ ದಿಕ್ಕು ಹೇಳುವವನೇ ಆ ಹೊತ್ತಿನ ಮಟ್ಟಿಗೆ ಆತನ ದಿಕ್ಕು. ಹೀಗಿರುವಾಗ ದಾರಿ ಹೇಳುವುದು ಬರಿಯ ಸೌಜನ್ಯವೇ, ಅಥವಾ ಶ್ರಾವಕನ ಆಚಾರಕ್ಕೆ ಸೇರಿದ ಒಂದು ಕರ್ತವ್ಯವೇ ಎಂಬುದನ್ನು ವಾಚಕರೊಡನೆ ವಿಚಾರ ಮಾಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಈ ವಿಚಾರಕ್ಕೆ ನನ್ನಲ್ಲಿ ಒಂದು ಸ್ವಂತ ಕಾರಣವೂ ಇದೆ. ನನಗೆ ಬಾಲ್ಯದಿಂದಲೂ ದಿಕ್ಕುಗಳ ಅರಿವು ಬಹಳ ಕಡಿಮೆ. ಚಿಕ್ಕೋಡಿ ತಾಲ್ಲೂಕಿನ ನಮ್ಮ ಕರೋಶಿ ಗ್ರಾಮದಲ್ಲಿ ಯಾವ ಓಣಿ ಎಲ್ಲಿಗೆ ಮುಟ್ಟುತ್ತದೆಂಬುದು ನನಗೆ ಗೊತ್ತು. ಆದರೆ ಅದು ಅಭ್ಯಾಸದ ಬಲದಿಂದ ಬಂದದ್ದು. ಪರಸ್ಥಳದಲ್ಲಿ ಒಂದು ಮನೆಯೊಳಗೆ ಹೋಗಿ ಅರ್ಧ ಗಂಟೆ ಕುಳಿತು ಹೊರಗೆ ಬಂದರೆ, ಬಂದ ದಾರಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದು ನನಗೆ ಹೊಳೆಯುವುದಿಲ್ಲ. ಮಾಸ್ತರಿಕೆ ಮಾಡುತ್ತಿದ್ದ ದಿನಗಳಲ್ಲಿ ಭೂಗೋಳದ ನಕಾಶೆಯನ್ನು ಹಲಗೆಯ ಮೇಲೆ ತಪ್ಪಿಲ್ಲದೆ ಬರೆಯುತ್ತಿದ್ದೆನು. ಆದರೆ ಕಾಗದದ ಮೇಲಿನ ಉತ್ತರ ದಿಕ್ಕು ಕಾಲ ಕೆಳಗಿನ ನೆಲದಲ್ಲಿ ಎಲ್ಲಿದೆ ಎಂದು ಕೇಳಿದರೆ, ಸೂರ್ಯನನ್ನು ಹುಡುಕಿ ನೋಡಬೇಕಾಗುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಅದೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ನಮ್ಮ ಭಾಗದ ಭೂಮಿಯೂ ಇಂಥವರಿಗೆ ಸುಲಭವಾದದ್ದಲ್ಲ. ಕಬ್ಬು ಎಳೆಯದಿರುವಾಗ ದೂರದ ಗುಡ್ಡ, ಕಾರ್ಖಾನೆಯ ಚಿಮಣಿ, ಬಸದಿಯ ಶಿಖರ ಎಲ್ಲವೂ ಕಾಣುತ್ತವೆ. ಅದೇ ಕಬ್ಬು ಆಳೆತ್ತರವನ್ನು ಮೀರಿ ಬೆಳೆದಾಗ ಹೊಲದ ದಾರಿಯು ಎರಡು ಹಸುರು ಗೋಡೆಗಳ ನಡುವಿನ ಓಣಿಯಾಗಿಬಿಡುತ್ತದೆ. ಚಳಿಗಾಲದಲ್ಲಿ ಕಾರ್ಖಾನೆಗಳು ಆರಂಭವಾಗಿ ಕಬ್ಬು ಕಟಾವಾದ ಮೇಲೆ ನೆಲ ಮತ್ತೆ ಬಯಲಾಗುತ್ತದೆ. ನಿನ್ನೆ ಗುರುತು ಹಿಡಿದ ದಾರಿ ಇಂದು ಬೇರೆಯೇ ಆಗಿ ತೋರುತ್ತದೆ. ದಿಕ್ಕು ಬಲ್ಲವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಗುರುತುಗಳನ್ನೇ ನಂಬಿ ನಡೆಯುವವರಿಗೆ ವರ್ಷಕ್ಕೆರಡು ಸಲ ಊರೇ ಬದಲಾದಂತೆ.

ಇದು ಬುದ್ಧಿಯ ಕೊರತೆಯೇ? ಜಾಗರೂಕತೆಯ ಕೊರತೆಯೇ? ಈ ಪ್ರಶ್ನೆಗೆ ವಿಜ್ಞಾನವು ಈಚಿನ ದಶಕಗಳಲ್ಲಿ ಸ್ವಲ್ಪ ಉತ್ತರ ಕೊಟ್ಟಿದೆ. 1971ರಲ್ಲಿ ಜಾನ್ ಓಕೀಫ್ ಎಂಬ ವಿಜ್ಞಾನಿ, ಇಲಿಯ ಮೆದುಳಿನಲ್ಲಿ ಅದು ಒಂದು ನಿರ್ದಿಷ್ಟ ಸ್ಥಳಕ್ಕೆ ಬಂದಾಗ ಮಾತ್ರ ಚುರುಕಾಗುವ ಜೀವಕೋಶಗಳನ್ನು ಕಂಡುಹಿಡಿದರು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರು, ನೆಲವನ್ನು ಜಾಲರಿಯಂತೆ ಅಳೆಯುವ ಬೇರೊಂದು ಬಗೆಯ ಕೋಶಗಳನ್ನು ಗುರುತಿಸಿದರು. ಈ ಮೂವರಿಗೂ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಲಂಡನ್ನಿನ ಟ್ಯಾಕ್ಸಿ ಚಾಲಕರು ಆ ನಗರದ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಬೇಕಾಗುತ್ತದೆ. ಅವರ ಮೆದುಳಿನಲ್ಲಿ ಸ್ಥಳಸ್ಮರಣೆಗೆ ಸಂಬಂಧಿಸಿದ ಭಾಗದ ಹಿಂಬದಿ ಇತರರಿಗಿಂತ ದೊಡ್ಡದಾಗಿರುವುದನ್ನು 2000ದಲ್ಲಿ ಎಲಿನರ್ ಮಗ್ವಾಯರ್ ಮತ್ತು ಸಂಗಡಿಗರು ಪ್ರಕಟಿಸಿದರು. ಯಾವ ರೋಗವೂ ಪೆಟ್ಟೂ ಇಲ್ಲದೆ, ಬೇರೆಲ್ಲ ವಿಷಯಗಳಲ್ಲಿ ಚುರುಕಾಗಿದ್ದು, ತಮ್ಮ ಪರಿಚಿತ ಊರಿನಲ್ಲಿಯೂ ದಾರಿ ತಪ್ಪುವ ಜನರಿದ್ದಾರೆಂಬುದನ್ನು 2009ರಲ್ಲಿ ಜುಸೆಪ್ಪೆ ಯಾರಿಯಾ ಮತ್ತು ಸಂಗಡಿಗರು ವಿವರಿಸಿದರು. 38 ದೇಶಗಳ ಸುಮಾರು 4 ಲಕ್ಷ ಜನರನ್ನು ಒಂದು ಆಟದ ಮೂಲಕ ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ನಗರಗಳ ಹೊರಗೆ ಬೆಳೆದವರು ಸಾಮಾನ್ಯವಾಗಿ ದಾರಿ ಹುಡುಕುವುದರಲ್ಲಿ ಹೆಚ್ಚು ಸಮರ್ಥರೆಂದು ತೋರಿಸಿತು. ಹಳ್ಳಿಯಲ್ಲಿಯೇ ಬೆಳೆದ ನನಗೆ ಈ ಕೊನೆಯ ಮಾತಿನಿಂದ ಸಮಾಧಾನವೇನೂ ಆಗಲಿಲ್ಲ. ಆದರೆ ಸಾಮಾನ್ಯ ನಿಯಮಕ್ಕೆ ಹೊರತಾದವರೂ ಇರುತ್ತಾರಲ್ಲವೇ?

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ದಿಕ್ಕಿನ ಅರಿವು ಕಣ್ಣಿನ ದೃಷ್ಟಿಯಂತೆ, ಕಂಠದ ಮಾಧುರ್ಯದಂತೆ ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣದಲ್ಲಿ ಬಂದಿರುತ್ತದೆ. ಅದು ಹೆಚ್ಚಿದ್ದವರು ಅಹಂಕಾರಪಡುವ ಕಾರಣವಿಲ್ಲ, ಕಡಿಮೆಯಿದ್ದವರು ನಾಚುವ ಕಾರಣವೂ ಇಲ್ಲ. ಆದರೆ ಕಡಿಮೆಯಿದ್ದವರು ಇತರರ ಮಾತನ್ನು ನಂಬಿ ನಡೆಯಬೇಕಾಗುತ್ತದೆ. ಕಣ್ಣಿಲ್ಲದವನ ಕೈಹಿಡಿದವನಿಗೆ ಎಷ್ಟು ಜವಾಬ್ದಾರಿಯಿದೆಯೋ, ದಾರಿ ಕೇಳಿದವನಿಗೆ ಉತ್ತರ ಕೊಡುವವನಿಗೂ ಅಷ್ಟೇ ಜವಾಬ್ದಾರಿಯಿದೆ.

ಜೀವಮಾನವಿಡೀ ದಾರಿ ಕೇಳುತ್ತ ಬಂದುದರಿಂದ, ಜನರು ದಾರಿಯನ್ನು ಹೇಗೆ ಹೇಳುತ್ತಾರೆಂಬುದನ್ನು ಗಮನಿಸುವ ಅವಕಾಶ ನನಗೆ ಬೇಕಾದಷ್ಟು ಸಿಕ್ಕಿದೆ. ಅವರಲ್ಲಿ ನಾಲ್ಕು ಬಗೆಯವರನ್ನು ಕಂಡಿದ್ದೇನೆ. ಸೂರ್ಯನನ್ನು ಹಿಡಿದು ಹೇಳುವವರು ಮೊದಲನೆಯವರು. ಕನ್ನಡದ ಮೂಡಣವು ಸೂರ್ಯ ಮೂಡುವ ಕಡೆ, ಪಡುವಣವು ಅವನು ಪಡುವ, ಅಂದರೆ ಮುಳುಗುವ ಕಡೆ. ನಮ್ಮ ಗಡಿಭಾಗದ ಮರಾಠಿಯಲ್ಲಿಯೂ ‘ಉಗವತೀ’, ‘ಮಾವಳತೀ’ ಎಂದು ಅದೇ ಅರ್ಥದ ಮಾತುಗಳಿವೆ. ಹಳೆಯ ಒಕ್ಕಲಿಗರು ಇಂದಿಗೂ ಹೊಲದ ಬದುವನ್ನು ಹೀಗೆಯೇ ಹೇಳುತ್ತಾರೆ. ಬಸದಿಗಳಿಗೆ ದತ್ತಿ ಬಿಟ್ಟ ಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ದಿಕ್ಕು ದಿಕ್ಕಿಗೆ ಕಲ್ಲು, ಕೆರೆ, ಮರ, ಹುತ್ತಗಳನ್ನು ಹೆಸರಿಸಿ ಹೇಳಿರುವುದೂ, ನಮ್ಮ ಟ್ರಸ್ಟುಗಳ ಖರೀದಿ ಪತ್ರಗಳಲ್ಲಿ ಚತುಃಸೀಮೆಯನ್ನು ಬರೆಯುವುದೂ ಇದೇ ಪದ್ಧತಿ.

ಎರಡನೆಯವರು ಶರೀರವನ್ನು ಹಿಡಿದು ಹೇಳುವವರು. ಎಡಕ್ಕೆ ಹೊರಳು, ಬಲಕ್ಕೆ ಹೊರಳು. ಗಡಿಯಾಚೆಗೆ ಹೋದರೆ ‘ಡಾವೀಕಡೆ’, ‘ಉಜವೀಕಡೆ’. ಮೂರನೆಯವರು ಗುರುತನ್ನು ಹಿಡಿದು ಹೇಳುವವರು. ‘ಹುಣಸಿ ಗಿಡ ದಾಟ್ರಿ, ಕೆನಾಲ ಹತ್ರಿ, ಹಿಟ್ಟಿನ ಗಿರಣಿ ಬರತೈತಿ’ ಎಂಬುದು ಇವರ ಮಾತಿನ ರೀತಿ. ನಾಲ್ಕನೆಯವರು ದೂರವನ್ನು ಹಿಡಿದು ಹೇಳುವವರು. ಹಿಂದೆ ಕೂಗಳತೆ, ಹರದಾರಿ, ಗಾವುದಗಳಿದ್ದವು. ಹರದಾರಿಯೆಂದರೆ ಸುಮಾರು 3 ಮೈಲು, ಗಾವುದವೆಂದರೆ ಸುಮಾರು 12 ಮೈಲು. 1956ರ ಕಾಯ್ದೆಯ ತರುವಾಯ ಕ್ರಮೇಣ ಕಿಲೋಮೀಟರು ಬಂದಿತು. ಆದರೂ ನಮ್ಮ ಜನರ ಬಾಯಲ್ಲಿ ‘ಇಲ್ಲೇ ಐತ್ರಿ’ ಎಂಬ ಅಳತೆಯೇ ಇಂದಿಗೂ ಹೆಚ್ಚು ಚಲಾವಣೆಯಲ್ಲಿದೆ. ಈ ‘ಇಲ್ಲೇ’ ಎಂಬುದು ನೂರು ಹೆಜ್ಜೆಯೂ ಆಗಬಹುದು, ನಾಲ್ಕು ಕಿಲೋಮೀಟರೂ ಆಗಬಹುದು. ಹೇಳುವವನು ಸುಳ್ಳು ಹೇಳುತ್ತಿಲ್ಲ. ದಿನವೂ ನಡೆಯುವ ಅವನ ಕಾಲಿಗೆ ಅದು ನಿಜವಾಗಿಯೂ ಇಲ್ಲೇ.

ಈ ಮಾತಿನಲ್ಲಿ ನಮ್ಮ ಶಾಸ್ತ್ರಕಾರರ ಸೂಕ್ಷ್ಮದೃಷ್ಟಿ ನೆನಪಾಗುತ್ತದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಸತ್ಯವಚನವನ್ನು ಹತ್ತು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಜನಪದಸತ್ಯ ಮತ್ತು ಪ್ರತೀತ್ಯಸತ್ಯ ಎಂಬ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಒಂದೊಂದು ನಾಡಿನ ಜನರು ರೂಢಿಯಿಂದ ಆಡುವ ಮಾತು ಆ ನಾಡಿನ ಮಟ್ಟಿಗೆ ಸತ್ಯವೆನಿಸುವುದು ಜನಪದಸತ್ಯ. ಒಂದನ್ನು ಇನ್ನೊಂದರ ಅಪೇಕ್ಷೆಯಿಂದ ಉದ್ದ, ಗಿಡ್ಡ ಎಂದು ಹೇಳುವುದು ಪ್ರತೀತ್ಯಸತ್ಯ.

ಜನಪದಸತ್ಯಕ್ಕೆ ನೆರೆಯ ತಮಿಳಿನಿಂದ ಒಂದು ಉದಾಹರಣೆ ಕೊಡಬಹುದು. ಅಲ್ಲಿ ಪೂರ್ವಕ್ಕೆ ‘ಕಿಳಕ್ಕು’, ಪಶ್ಚಿಮಕ್ಕೆ ‘ಮೇರ್ಕು’ ಎನ್ನುತ್ತಾರೆ. ಕೆಳಗು, ಮೇಲು ಎಂಬ ಮಾತುಗಳಿಂದಲೇ ಇವು ಹುಟ್ಟಿವೆ. ಆ ನಾಡಿನ ನೆಲವು ಪಶ್ಚಿಮದ ಘಟ್ಟದಿಂದ ಪೂರ್ವದ ಸಮುದ್ರಕ್ಕೆ ಇಳಿಜಾರಾಗಿರುವುದರಿಂದ ಅಲ್ಲಿ ಅದು ಸರಿಯಾದ ಮಾತು. ಕೇರಳದಲ್ಲಿ ಘಟ್ಟವು ಪೂರ್ವದಲ್ಲಿದೆ, ಸಮುದ್ರವು ಪಶ್ಚಿಮದಲ್ಲಿದೆ. ಆದರೂ ಮಲಯಾಳದಲ್ಲಿ ಪೂರ್ವಕ್ಕೆ ‘ಕಿಳಕ್ಕ್’ ಎಂಬ ಹೆಸರೇ ಉಳಿದಿದೆ. ಎತ್ತರದ ಬೆಟ್ಟವಿರುವ ಕಡೆಗೆ ಕೆಳಗು ಎಂಬ ಹೆಸರು! ಮಾತು ತಾನು ಹುಟ್ಟಿದ ನೆಲವನ್ನು ಬಿಟ್ಟು ಬಂದರೂ ಹಳೆಯ ನೆನಪನ್ನು ಬಿಟ್ಟಿಲ್ಲ. ಅಲ್ಲಿಯ ಜನರಿಗೆ ಅದರಿಂದ ಯಾವ ಗೊಂದಲವೂ ಆಗುವುದಿಲ್ಲ. ಹೊರಗಿನಿಂದ ಹೋದವನು ಮಾತ್ರ ಆ ನಾಡಿನ ರೂಢಿಯನ್ನು ತಿಳಿದುಕೊಳ್ಳಬೇಕು.

ಪ್ರತೀತ್ಯಸತ್ಯಕ್ಕೆ ಎಡ ಬಲಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪೂರ್ವವು ಎಲ್ಲರಿಗೂ ಪೂರ್ವವೇ. ಆದರೆ ಎಡವು ಯಾರ ಎಡ? ಎದುರುಬದುರಾಗಿ ನಿಂತ ಇಬ್ಬರಲ್ಲಿ ಒಬ್ಬನ ಎಡವು ಇನ್ನೊಬ್ಬನ ಬಲವಾಗುತ್ತದೆ. ಆಸ್ಟ್ರೇಲಿಯದ ಈಶಾನ್ಯ ಕರಾವಳಿಯಲ್ಲಿ ಗೂಗು ಯಿಮಿಥಿರ್ ಎಂಬ ಭಾಷೆಯನ್ನಾಡುವ ಮೂಲನಿವಾಸಿಗಳಿದ್ದಾರೆ. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರು ‘ಕಾಂಗರೂ’ ಎಂಬ ಶಬ್ದವನ್ನು ಬರೆದುಕೊಂಡದ್ದು ಇವರ ಬಾಯಿಂದಲೇ. ಸ್ಟೀಫನ್ ಲೆವಿನ್ಸನ್ ಮುಂತಾದ ಭಾಷಾವಿಜ್ಞಾನಿಗಳು ಇವರಲ್ಲಿ ಒಂದು ವಿಶೇಷವನ್ನು ಕಂಡರು. ದಾರಿಯನ್ನಾಗಲಿ, ಪಕ್ಕದಲ್ಲಿ ಕುಳಿತವನನ್ನಾಗಲಿ, ಇವರು ಎಡ ಬಲವೆಂದು ಹೇಳದೆ ಉತ್ತರ ದಕ್ಷಿಣಗಳಿಂದಲೇ ಹೇಳುತ್ತಾರೆ. ಹಾಗೆ ಮಾತನಾಡಬೇಕಾದರೆ ಹಗಲೂ ರಾತ್ರಿಯೂ ದಿಕ್ಕು ಮನಸ್ಸಿನಲ್ಲಿ ಜಾಗೃತವಾಗಿರಬೇಕು. ನನ್ನಂಥವನು ಅಲ್ಲಿ ಹುಟ್ಟಿದ್ದರೆ ಏನಾಗುತ್ತಿದ್ದೆನೋ! ಅಥವಾ ಬಾಲ್ಯದಿಂದಲೇ ಆ ಶಿಕ್ಷಣ ದೊರೆತು ದಿಕ್ಕು ಬಲ್ಲವನೇ ಆಗುತ್ತಿದ್ದೆನೋ!

ನಮ್ಮಲ್ಲಿ ಎಡ ಬಲಗಳನ್ನು ಬಿಡುವಂತಿಲ್ಲ. ಆದುದರಿಂದ ದಾರಿ ಹೇಳುವವನು ಮಾಡಬೇಕಾದ ಒಂದು ಕೆಲಸವಿದೆ. ಆತನು ತಾನು ನಿಂತ ಸ್ಥಳವನ್ನು ಮನಸ್ಸಿನಲ್ಲಿ ಬಿಟ್ಟು, ಕೇಳುವವನ ಸ್ಥಳದಲ್ಲಿ ಕೇಳುವವನ ಮುಖವಿದ್ದ ಕಡೆಗೆ ಮುಖ ಮಾಡಿ ನಿಲ್ಲಬೇಕು. ಆಗ ಮಾತ್ರ ಆತನು ಹೇಳುವ ಎಡವು ಕೇಳುವವನಿಗೆ ಎಡವಾಗುತ್ತದೆ. ಅನೇಕಾಂತವನ್ನು ಕುರಿತು ನಾವು ಪ್ರವಚನಗಳಲ್ಲಿ ಬಹಳ ಕೇಳುತ್ತೇವೆ. ವಸ್ತು ಒಂದೇ, ಅದನ್ನು ಕಾಣುವ ನಯಗಳು ಹಲವು. ಯಾವ ನಯದಿಂದ ಹೇಳುತ್ತಿದ್ದೇವೆಂಬುದನ್ನು ಮರೆತರೆ ಸತ್ಯವೂ ಅಸತ್ಯವಾಗುತ್ತದೆ. ಈ ದೊಡ್ಡ ತತ್ತ್ವವನ್ನು ನಾಲ್ಕು ದಾರಿ ಕೂಡುವ ಕಟ್ಟೆಯ ಮೇಲೆ ಕುಳಿತವನು ದಿನಕ್ಕೆ ಹತ್ತು ಸಲ ಆಚರಿಸಬಹುದು. ‘ನೀವು ಈಗ ಬಂದ ಹಾದಿಗೆ ಬೆನ್ನು ಮಾಡಿ ನಿಂತರೆ ನಿಮ್ಮ ಬಲಗೈ ಕಡೆಗೆ’ ಎಂದು ಹೇಳುವವನು ಅನೇಕಾಂತದ ಹೆಸರನ್ನು ಕೇಳದಿದ್ದರೂ ಅದನ್ನು ಬಲ್ಲವನೇ.

ಕಾರ್ಕಳದ ಚತುರ್ಮುಖ ಬಸದಿಯನ್ನು ದರ್ಶನ ಮಾಡಿದವರಿಗೆ ಈ ಮಾತು ಬೇಗ ತಿಳಿದೀತು. 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಆ ಕಲ್ಲಿನ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ರೂಪದ ನಾಲ್ಕು ಬಾಗಿಲುಗಳಿವೆ. ಯಾವ ಬಾಗಿಲಿನಿಂದ ಒಳಗೆ ಹೋದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳ ದರ್ಶನವಾಗುತ್ತದೆ. ಪ್ರದಕ್ಷಿಣೆ ಮಾಡಿ ಬಂದ ಮೇಲೆ ನನ್ನ ಪಾದರಕ್ಷೆಗಳು ಯಾವ ಬಾಗಿಲ ಹೊರಗಿವೆ ಎಂಬುದು ನನಗೆ ತಿಳಿಯದಾಯಿತು. ಆದರೆ ಒಂದು ಸಮಾಧಾನವೂ ಉಂಟಾಯಿತು. ಭಗವಂತನ ಎದುರಿಗೆ ಬಂದವನಿಗೆ, ಅವನು ಯಾವ ದಿಕ್ಕಿನಿಂದ ಬಂದನೆಂದು ಅಲ್ಲಿ ಯಾರೂ ಕೇಳುವುದಿಲ್ಲ. ದಿಕ್ಕು ತಿಳಿಯದವನಿಗೂ ತಿಳಿದವನಿಗೂ ಒಂದೇ ದರ್ಶನ.

ಹೊರಗಿನ ಲೋಕದಲ್ಲಿ ಮಾತ್ರ ದಿಕ್ಕು ತಪ್ಪಿದರೆ ಬೆಲೆ ತೆರಬೇಕಾಗುತ್ತದೆ. ಹಲವು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ತಾಯಿಯವರಿಗೆ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಬಾಡಿಗೆ ಜೀಪಿನಲ್ಲಿ ಚಿಕ್ಕೋಡಿ, ಅಂಕಲಿ, ಮಾಂಜರಿ, ಕಾಗವಾಡಗಳ ಮೇಲಿಂದ ಮೀರಜಕ್ಕೆ ಹೊರಟೆವು. ಜೀಪಿನವನೂ ಆ ಊರಿಗೆ ಹೊಸಬ. ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ಊರು ಮುಟ್ಟಿ, ನಮಗೆ ಹೇಳಿದ್ದ ವೈದ್ಯರ ಆಸ್ಪತ್ರೆಯನ್ನು ಹುಡುಕತೊಡಗಿದೆವು. ಮುಚ್ಚಿದ ಅಂಗಡಿಯ ಮುಂದೆ ನಿಂತಿದ್ದ ಒಬ್ಬ ಗೃಹಸ್ಥರು ನಾವು ಕೇಳಿ ಮುಗಿಸುವುದರೊಳಗೆ ಕೈಚಾಚಿ, ನೇರ ಹೋಗಿ ಎಡಕ್ಕೆ ಹೊರಳಿರೆಂದು ಬಹಳ ದೃಢವಾಗಿ ಹೇಳಿದರು. ಹೊರಳಿದೆವು. ಅಲ್ಲಿ ಆಸ್ಪತ್ರೆ ಇರಲಿಲ್ಲ. ಒಂದರೊಳಗೊಂದು ಸೇರುವ ಗಲ್ಲಿಗಳಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ತಿರುಗಿದೆವು. ಹಿಂದಿನ ಸೀಟಿನಲ್ಲಿ ತಾಯಿಯವರು ಣಮೋಕಾರ ಮಂತ್ರವನ್ನು ಹೇಳಿಕೊಳ್ಳುತ್ತಿದ್ದ ಧ್ವನಿ ಬರಬರುತ್ತ ಕ್ಷೀಣವಾಗುತ್ತಿತ್ತು.

ಕೊನೆಗೆ ಅಂಗಳ ಗುಡಿಸುತ್ತಿದ್ದ ಒಬ್ಬ ಮುದುಕಿಯನ್ನು ಕೇಳಿದೆವು. ‘ಮಲಾ ಮಾಹೀತ ನಾಹೀ ಬಾಬಾ’, ನನಗೆ ಗೊತ್ತಿಲ್ಲಪ್ಪ, ಎಂದಳು. ಅಷ್ಟಕ್ಕೇ ನಿಲ್ಲಲಿಲ್ಲ. ಜೀಪಿನೊಳಗೆ ಬಗ್ಗಿ ನೋಡಿ, ಕಸಬರಿಗೆಯನ್ನು ಅಲ್ಲಿಯೇ ಇಟ್ಟು, ಒಳಗೆ ಹೋಗಿ ಮಲಗಿದ್ದ ಮೊಮ್ಮಗನನ್ನು ಎಬ್ಬಿಸಿದಳು. ಆ ಹುಡುಗನು ಸೈಕಲ್ ಏರಿ ಜೀಪಿನ ಮುಂದೆ ಮುಂದೆ ಬಂದು ನಮ್ಮನ್ನು ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿದನು. ತಾಯಿಯವರು ಬದುಕಿದರು. ಅನಂತರವೂ ಅನೇಕ ವರ್ಷ ನಮ್ಮೊಡನಿದ್ದರು. ಆ ರಾತ್ರಿಯ ಮಾತು ಬಂದಾಗಲೆಲ್ಲ ‘ಗೊತ್ತಿಲ್ಲಂದಾಕೀನ ಮುಟ್ಟಿಸಿದ್ಳಪಾ’ ಎಂದು ಹೇಳುತ್ತಿದ್ದರು.

ಆ ಗೃಹಸ್ಥರು ದುಷ್ಟರೆಂದು ನಾನು ಹೇಳಲಾರೆ. ಕೇಳಿದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿದೆ. ಗೊತ್ತಿಲ್ಲವೆಂದು ಹೇಳುವುದು ಅಗೌರವವೆಂದೂ, ತನಗೆ ಕುಂದೆಂದೂ ಅನೇಕರು ತಿಳಿಯುತ್ತಾರೆ. ಆದರೆ ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ವಿಚಾರ ಬೇರೆಯಾಗಿಯೇ ಇದೆ. ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ. ಶ್ರೇಯಸ್ಸಿನ ಮಾರ್ಗದ ವಿಷಯದಲ್ಲಿ ಇನ್ನೊಬ್ಬರನ್ನು ತಪ್ಪು ನಡೆಸುವುದೇ ಅದರ ಮುಖ್ಯಾರ್ಥವೆಂಬುದು ನಿಜ. ಆದರೂ ಊರಿನ ದಾರಿಯಲ್ಲಿ ಅರಿಯದೆ ಅರಿತವನಂತೆ ನುಡಿಯುವ ಅಭ್ಯಾಸ ಮಾಡಿಕೊಂಡವನು ದೊಡ್ಡ ದಾರಿಯ ವಿಷಯದಲ್ಲಿ ನಾಲಗೆಯನ್ನು ಹಿಡಿದಾನೆಂದು ನಂಬುವುದು ಹೇಗೆ? ಅನರ್ಥದಂಡವ್ರತದ ಅತಿಚಾರಗಳಲ್ಲಿ ಮೌಖರ್ಯ, ಅಂದರೆ ಬಾಯಿಬಡುಕತನವೂ, ವಿಚಾರವಿಲ್ಲದೆ ಕಾರ್ಯ ಮಾಡುವುದೂ ಸೇರಿವೆ. ಪ್ರಯೋಜನವಿಲ್ಲದೆ ಇನ್ನೊಂದು ಜೀವಕ್ಕೆ ಆಯಾಸವನ್ನುಂಟುಮಾಡುವ ಮಾತು ಅನರ್ಥವಲ್ಲದೆ ಮತ್ತೇನು?

ಮುನಿಗಳ ಐದು ಸಮಿತಿಗಳಲ್ಲಿ ಮೊದಲಿನ ಎರಡು ಈರ್ಯಾಸಮಿತಿ ಮತ್ತು ಭಾಷಾಸಮಿತಿ. ಹಗಲಿನ ಬೆಳಕಿನಲ್ಲಿ, ಜನರು ನಡೆದಾಡಿದ ಹಾದಿಯಲ್ಲಿ, ನಾಲ್ಕು ಕೈ ಮುಂದಿನ ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ನಡೆಯುವುದು ಈರ್ಯಾಸಮಿತಿ. ಹಿತವಾಗಿ, ಮಿತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ನುಡಿಯುವುದು ಭಾಷಾಸಮಿತಿ. ನಡೆಯುವವನಿಗೆ ಒಂದು, ನುಡಿಯುವವನಿಗೆ ಒಂದು. ದಾರಿ ಹೇಳುವ ಹೊತ್ತಿನಲ್ಲಿ ಇವೆರಡೂ ಕೂಡುತ್ತವೆ. ಏಕೆಂದರೆ ನಮ್ಮ ನುಡಿಯ ಮೇಲೆ ಇನ್ನೊಬ್ಬನ ನಡೆ ನಿಂತಿರುತ್ತದೆ.

ಮುನಿಸಂಘಗಳ ವಿಹಾರ ಕಾಲದಲ್ಲಿ ಇದು ಪ್ರತ್ಯಕ್ಷವಾಗಿ ಕಾಣುತ್ತದೆ. ನಮ್ಮ ಈ ಭಾಗವು ಮುನಿಗಳ ಪಾದಗಳನ್ನು ಬಹಳ ಕಂಡ ಭಾಗ. ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು (1872–1955) ದಕ್ಷಿಣದಿಂದ ಸಮ್ಮೇದ ಶಿಖರಜಿಯವರೆಗೂ ಕಾಲ್ನಡಿಗೆಯಿಂದ ವಿಹರಿಸಿದರು. ಸದಲಗಾದಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ಅಜ್ಮೀರದಲ್ಲಿ ದೀಕ್ಷೆ ಪಡೆದು, 2024ರಲ್ಲಿ ಛತ್ತೀಸಗಡದ ಡೊಂಗರಗಡದಲ್ಲಿ ಸಮಾಧಿಸ್ಥರಾಗುವವರೆಗೆ ಎಷ್ಟು ನಾಡುಗಳನ್ನು ನಡೆದರೋ! ದಿಗಂಬರರೆಂದರೆ ದಿಕ್ಕುಗಳನ್ನೇ ಅಂಬರವಾಗಿ ಉಳ್ಳವರು. ಆದರೂ ದಿಕ್ಕನ್ನೇ ಉಟ್ಟ ಆ ಮಹನೀಯರು ಪರಸ್ಥಳದಲ್ಲಿ ಮುಂದಿನ ಊರಿನ ದಾರಿಯನ್ನು ಶ್ರಾವಕರ ಬಾಯಿಂದಲೇ ತಿಳಿಯಬೇಕು. ದಿನಕ್ಕೆ ಒಂದೇ ಸಲ ಆಹಾರ, ಒಂದೇ ಸಲ ನೀರು, ಬರಿಗಾಲು, ಸೂರ್ಯಾಸ್ತದ ಒಳಗೆ ತಂಗುವ ಸ್ಥಳವನ್ನು ಮುಟ್ಟಬೇಕು. ಇಂಥವರಿಗೆ ‘ಇಲ್ಲೇ ಐತ್ರಿ ಮಹಾರಾಜ’ ಎಂದು ಭಕ್ತಿಯಿಂದ ಹೇಳಿದ ನಾಲ್ಕು ಕಿಲೋಮೀಟರು, ಕಾದ ಡಾಂಬರಿನ ಮೇಲೆ ಎಷ್ಟಾಗುತ್ತದೆಂಬುದನ್ನು ಹೇಳಿದವನು ನಡೆದು ನೋಡಬೇಕು. ಭಕ್ತಿಯಿದ್ದರೆ ಸಾಲದು, ಅಳತೆಯೂ ಸರಿಯಾಗಿರಬೇಕು.

ನಮ್ಮ ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ಕೆಲವು ಸಣ್ಣ ಕೆಲಸಗಳನ್ನು ಮಾಡಬಹುದು. ಊರಿನ ಅಡ್ಡರಸ್ತೆಗಳಲ್ಲಿ ಬಸದಿಗೆ ಎಷ್ಟು ಕಿಲೋಮೀಟರೆಂಬುದನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದ ಫಲಕ ಹಾಕಿಸಬಹುದು. ಪಂಚಕಲ್ಯಾಣದ ಆಮಂತ್ರಣ ಪತ್ರಿಕೆಯಲ್ಲಿ ದಾನಿಗಳ ಹೆಸರುಗಳಿಗೆ ನಾಲ್ಕು ಪುಟ ಕೊಡುವಾಗ, ರೈಲಿನಿಂದ ಇಳಿದವರು ಹೇಗೆ ಬರಬೇಕೆಂಬುದಕ್ಕೆ ನಾಲ್ಕು ಸಾಲು ಕೊಡಬಹುದು. ವಿಹಾರಕ್ಕೆ ಮುಂಚೆ ಒಬ್ಬ ತರುಣನು ಆ ದಾರಿಯನ್ನು ನಡೆದು, ನೆರಳು ಎಲ್ಲಿದೆ, ಜಲ್ಲಿಕಲ್ಲು ಎಲ್ಲಿದೆ, ಕಬ್ಬಿನ ಟ್ರ್ಯಾಕ್ಟರುಗಳ ಸಂಚಾರ ಯಾವ ಹೊತ್ತಿಗೆ ಕಡಿಮೆ ಎಂಬುದನ್ನು ಬರೆದಿಡಬಹುದು. ಇವುಗಳಿಗೆ ಹಣ ಹೆಚ್ಚು ಬೇಕಿಲ್ಲ.

‘ಈಗ ಇವೆಲ್ಲ ಏಕೆ? ಎಲ್ಲರ ಕೈಯಲ್ಲಿಯೂ ಮೊಬೈಲಿದೆಯಲ್ಲ’ ಎಂದು ತರುಣರು ಕೇಳುತ್ತಾರೆ. 2005ರಲ್ಲಿ ಆರಂಭವಾದ ಗೂಗಲ್ ನಕಾಶೆಯು ನನ್ನಂಥವರಿಗೆ ಬಹಳ ಉಪಕಾರ ಮಾಡಿದೆ. ಅದನ್ನು ನಾನು ಕೃತಜ್ಞತೆಯಿಂದ ಹೇಳುತ್ತೇನೆ. ಮೊಬೈಲು ಬೇಸರಪಡುವುದಿಲ್ಲ, ಹತ್ತು ಸಲ ತಪ್ಪಿದರೂ ಗದರಿಸುವುದಿಲ್ಲ. ಆದರೆ ನಮ್ಮ ಭಾಗದಲ್ಲಿ ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ತುಂಬಿ ಬಂದಾಗ ಕಲ್ಲೋಳ–ಯಡೂರ, ಕಾರದಗಾ–ಭೋಜ ಮುಂತಾದ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. 2019 ಮತ್ತು 2021ರ ಮಹಾಪೂರಗಳಲ್ಲಿ ದಾರಿಗಳೆಷ್ಟೋ ನೀರೊಳಗಾದವು. ಅಂಥ ಹೊತ್ತಿನಲ್ಲಿ ‘ಆ ಕಡೆ ಹೋಗಬ್ಯಾಡ್ರಿ, ಪೂಲಿನ ಮ್ಯಾಲೆ ನೀರು ಬಂದೈತಿ’ ಎಂದು ಕೈಯಡ್ಡ ಹಿಡಿದು ನಿಲ್ಲಿಸಲು ಹಾದಿಯ ಬದಿಯಲ್ಲಿ ನಿಂತ ಮನುಷ್ಯನೇ ಬೇಕು. ಯಂತ್ರವು ದಾರಿಯನ್ನು ಬಲ್ಲದು. ದಾರಿಹೋಕನ ಮುಖವನ್ನು ನೋಡಿ ಅವನ ಅವಸರವನ್ನೂ ಅಳಲನ್ನೂ ತಿಳಿಯಲಾರದು. ಆ ಮುದುಕಿಯು ಜೀಪಿನೊಳಗೆ ಬಗ್ಗಿ ನೋಡಿದ ಹಾಗೆ ಅದು ನೋಡುವುದಿಲ್ಲ.

ಕೇಳುವವರಿಗೂ ಒಂದು ಧರ್ಮವಿದೆ. ಸಂಕೋಚಪಡದೆ ಕೇಳಬೇಕು. ಕೇಳಿದ್ದನ್ನು ಒಮ್ಮೆ ಹೇಳಿದವರ ಎದುರಿಗೇ ಮರಳಿ ಹೇಳಿ ದೃಢಪಡಿಸಿಕೊಳ್ಳಬೇಕು. ಮುಂದಿನ ಕೂಡುದಾರಿಯಲ್ಲಿ ಇನ್ನೊಬ್ಬರನ್ನು ಕೇಳುವುದರಿಂದ ಮೊದಲಿನವರ ಮೇಲೆ ಅವಿಶ್ವಾಸ ತೋರಿದಂತಾಗುವುದಿಲ್ಲ. ತನಗೆ ತಿಳಿಯದೆಂಬುದನ್ನು ತಿಳಿದಿರುವುದೂ ಒಂದು ತಿಳಿವೇ. ಶ್ವೇತಾಂಬರ ಪರಂಪರೆಯ ಆಚಾರಾಂಗಸೂತ್ರದ ಆರಂಭದಲ್ಲಿಯೇ ಈ ಮಾತು ದೊಡ್ಡ ಅರ್ಥದಲ್ಲಿ ಬರುತ್ತದೆ. ತಾನು ಪೂರ್ವದಿಂದ ಬಂದೆನೋ, ದಕ್ಷಿಣದಿಂದ ಬಂದೆನೋ, ಯಾವ ದಿಕ್ಕಿನಿಂದ ಈ ಜನ್ಮಕ್ಕೆ ಬಂದೆನೋ ಎಂಬ ಅರಿವು ಅನೇಕ ಜೀವಗಳಿಗಿಲ್ಲವೆಂದು ಅಲ್ಲಿ ಹೇಳಿದೆ. ಈ ದೃಷ್ಟಿಯಿಂದ ದಿಕ್ಕು ಬಲ್ಲವರೂ ಅರಿಯದವರೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದೇವೆ.

ಗೃಹಸ್ಥನ ವ್ರತಗಳಲ್ಲಿ ದಿಗ್ವ್ರತವೆಂಬುದೊಂದಿದೆ. ಹತ್ತು ದಿಕ್ಕುಗಳಲ್ಲಿ ಇಷ್ಟು ದೂರದ ಆಚೆಗೆ ಹೋಗೆನೆಂದು ಮಿತಿ ಮಾಡಿಕೊಂಡು, ಅದರಾಚೆಯ ಹಿಂಸೆ, ಪರಿಗ್ರಹಗಳಿಂದ ದೂರವಿರುವುದು ಅದರ ಉದ್ದೇಶ. ಆ ಮಿತಿಯನ್ನು ಸಮುದ್ರ, ನದಿ, ಅಡವಿ, ಪರ್ವತಗಳಂಥ ಪ್ರಸಿದ್ಧವಾದ ಗುರುತುಗಳಿಂದ ಗೊತ್ತುಮಾಡಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ‘ಪ್ರಸಿದ್ಧ’ ಎಂಬ ಮಾತನ್ನು ಗಮನಿಸಬೇಕು. ‘ಮೊದಲ ಪಾಟೀಲರ ಗಿರಣಿ ಇತ್ತಲ್ರಿ, ಅಲ್ಲಿ ಹೊರಳ್ರಿ’ ಎಂದು, ಇಪ್ಪತ್ತು ವರ್ಷಗಳ ಹಿಂದೆ ಕೆಡವಿದ ಗಿರಣಿಯನ್ನು ಪರಸ್ಥಳದವನಿಗೆ ಗುರುತಾಗಿ ಕೊಡುವ ನಮ್ಮ ಜನರಿಗೆ ಇದರಲ್ಲಿ ಪಾಠವಿದೆ. ಗುರುತು ಹೇಳುವವನಿಗಲ್ಲ, ಕೇಳುವವನಿಗೆ ಕಾಣುವಂತಿರಬೇಕು. ಈ ವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಸ್ಮೃತ್ಯಂತರಾಧಾನ, ಅಂದರೆ ಮಾಡಿಕೊಂಡ ಮಿತಿಯನ್ನೇ ಮರೆಯುವುದು. ಅದಕ್ಕಾಗಿ ನಾನು ನನ್ನ ಮಿತಿಗಳನ್ನು ಒಂದು ವಹಿಯಲ್ಲಿ ಬರೆದಿಟ್ಟಿದ್ದೇನೆ. ದಿಕ್ಕನ್ನು ನೆಲದ ಮೇಲೆ ಗುರುತಿಸಲಾರದವನೂ ಬರೆದಿಟ್ಟು, ಬಲ್ಲವರನ್ನು ಕೇಳಿ, ದಿಗ್ವ್ರತವನ್ನು ಪಾಲಿಸಬಹುದು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನಗಳು ನಾಲ್ಕು. ದಾರಿ ತಪ್ಪಿದವನಿಗೆ ನಿಜವಾದ ದಾರಿಯನ್ನು ತಿಳಿಸುವುದರಲ್ಲಿ ಜ್ಞಾನವೂ ಇದೆ, ಅವನ ಭಯವನ್ನು ಕಳೆಯುವುದರಿಂದ ಅಭಯವೂ ಇದೆ. ಇದಕ್ಕೆ ಸಂಪತ್ತು ಬೇಡ, ಪಾಂಡಿತ್ಯ ಬೇಡ. ಎದುರಿಗಿದ್ದವನ ಕಡೆಯಿಂದ ನೋಡುವ ಒಂದು ಕ್ಷಣದ ವಿವೇಕ ಬೇಕು; ತಿಳಿಯದಿದ್ದಲ್ಲಿ ತಿಳಿಯದೆನ್ನುವ ಪ್ರಾಮಾಣಿಕತೆ ಬೇಕು; ಸಾಧ್ಯವಾದರೆ ನಾಲ್ಕು ಹೆಜ್ಜೆ ಜೊತೆಗೆ ನಡೆಯುವ ದಯೆ ಬೇಕು. ಮನೆಯ ಮಕ್ಕಳಿಗೆ ನಾವು ಸ್ತೋತ್ರಗಳನ್ನು ಕಲಿಸುತ್ತೇವೆ. ಅದರೊಡನೆ, ಹಾದಿಯಲ್ಲಿ ಯಾರಾದರೂ ದಾರಿ ಕೇಳಿದರೆ ನಿಂತು, ಸರಿಯಾಗಿ ಕೇಳಿಸಿಕೊಂಡು, ತಿಳಿದಷ್ಟನ್ನೇ ಹೇಳಬೇಕೆಂಬುದನ್ನೂ ಕಲಿಸೋಣ.